ಅರ್ಧ ಗುಂಡಿ ಅಗೆದು ಮುಚ್ಚಿ ಹೋದ್ರಲ್ಲ, ಯಾಕೆ?

ಪ್ರಶ್ನೆ: ಸರ್ ನಮಸ್ಕಾರ. ನಮ್ದು ಜಾವಗಲ್ ಹತ್ರ ಒಂದು ಹಳ್ಳಿ, ಎರಡು ಎಕರೆ ರಾಗಿ ಹೊಲ ಇದೆ. ಕೃಷಿ ಹೊಂಡ ತೋಡ್ಸುವಾಗ ಕೆಂಪು ಮಣ್ಣಿನ ಮಧ್ಯೆ ಕಪ್ಪಗೆ ದೊಡ್ಡ ಬಾಣಲೆ ಆಕಾರದ್ದು ಕಾಣ್ತು, ಆಚೆ ಕಡೆ ದುಂಡಗೆ ಎರಡು ಮೂರು ಕಪ್ಪು ಕಲೆ, ರಾಶಿ ಮಡಕೆ ಚೂರು. ವಿಷ್ಯ ತಿಳ್ದು ಪರ್ಮಿಷನ್ ತಗೊಂಡು ಪುರಾತತ್ವದವ್ರ ಒಂದು ತಂಡ ಬಂತು. ಹೊಲದಲ್ಲಿ 2 ಮೀಟರ್ ಅಗಲ 20 ಮೀಟರ್ ಉದ್ದ ಟ್ರೆಂಚ್ ಹೊಡೆದ್ರು, ಬೆಳಗ್ಗೆ ಬೆಳಗ್ಗೆನೇ ನೀರು ಚಿಮುಕಿಸ್ತಾ ಕೂತಿದ್ರು, ದುಂಡು ಗುಂಡಿನ ಅರ್ಧ ಮಾತ್ರ ಅಗೆದ್ರು, ದಾರ ಕಟ್ಟಿ ಚಿತ್ರ ಬರ್ಕೊಂಡ್ರು, ಮಣ್ಣು ಚೀಲಕ್ಕೆ ತುಂಬ್ಕೊಂಡು ಎಲ್ಲಾ ವಾಪಸ್ ಮುಚ್ಚಿ ಹೋದ್ರು. ಚಿನ್ನ ಸಿಕ್ಕಿದೆ, ಅದಕ್ಕೇ ಮುಚ್ಚಿದ್ದು ಅಂತಾರೆ ಊರವ್ರು. ಬರೀ ಗುಂಡಿ, ಹಳ್ಳ ಅಗೆದ್ರೆ ಏನ್ ಗೊತ್ತಾಗುತ್ತೆ? ಮೂಳೆ ಸಿಕ್ತಾ? ಉಳಿದ ಅರ್ಧ ನಾವೇ ಅಗೀಬಹುದಾ? ಹೊಂಡಕ್ಕೆ ಇನ್ನೂ ಪ್ಲಾಸ್ಟಿಕ್ ಹೊದಿಸಿಲ್ಲ, ನಾಲ್ಕು ಫೋಟೋ ಕಳಿಸಿದೀನಿ. ಪೂರ್ವಕ್ಕಿರೋ ಪಕ್ಕದ ಹೊಲನ ನಮ್ಮಜ್ಜಿ ‘ಹಾಳೂರ ಹೊಲ’ ಅಂತಾರೆ.

ಉತ್ತರ: ಚಿನ್ನ ಸಿಕ್ಕಿರಲ್ಲ ಬಿಡಿ. ಚಿನ್ನ ಸಿಕ್ಕೋರು ಮಣ್ಣು ಹೊತ್ಕೊಂಡು ಹೋಗ್ತಾರಾ? ಅವ್ರು ಚೀಲಕ್ಕೆ ತುಂಬ್ಕೊಂಡ ಆ ಕಪ್ಪು ಮಣ್ಣೇ ಅವ್ರಿಗೆ ಬೇಕಾಗಿದ್ದ ಮಾಲು. ನಾನು ಆ ತಂಡದಲ್ಲಿ ಇರ್ಲಿಲ್ಲ, ಆದ್ರೆ ನೀವು ಕಳಿಸಿದ ನಾಲ್ಕು ಫೋಟೋ ದೊಡ್ಡದು ಮಾಡಿ ನೋಡಿದೀನಿ, ಇದೇ ಕೆಲಸ ಹಾಸನ ಚಿಕ್ಕಮಗಳೂರು ಎರಡೂ ಕಡೆ ಸುಮಾರು ವರ್ಷ ಮಾಡಿದೀನಿ, ಹಾಗಾಗಿ ಅವ್ರು ಏನ್ ಮಾಡಿದ್ರು ಯಾಕೆ ಮಾಡಿದ್ರು ಅಂತ ಹೇಳಬಲ್ಲೆ.

ಮೊದಲು ಒಂದು ವಿಷ್ಯ ತಲೇಲಿ ಕೂರ್ಬೇಕು. ಗುಂಡಿ ಅನ್ನೋದು ವಸ್ತು ಅಲ್ಲ. ಮಡಕೆ ಎತ್ಕೊಂಡು ಮ್ಯೂಸಿಯಂನಲ್ಲಿ ಇಡಬಹುದು, ವೀರಗಲ್ಲು ಎತ್ತಿ ಗುಡಿ ಮುಂದೆ ನಿಲ್ಲಿಸಬಹುದು, ಗುಂಡಿನ ಎತ್ಕೊಂಡು ಹೋಗಕ್ಕಾಗಲ್ಲ. ಎಂಟುನೂರು ವರ್ಷದ ಹಿಂದೆ ಯಾರೋ ಗುದ್ದಲಿ ಹಿಡಿದು ಗಟ್ಟಿ ಕೆಂಪು ನೆಲ ಕಡಿದ್ರು ಅನ್ಕೊಳ್ಳಿ, ಆಮೇಲೆ ಅದು ಯಾವತ್ತೋ ಬೇರೆ ಮಣ್ಣಿಂದ ತುಂಬ್ಕೊಂಡ್ತು. ನಮಗೆ ಇವತ್ತು ಕಾಣೋದು ಎರಡು ಮಣ್ಣಿನ ಮಧ್ಯದ ಗೆರೆ ಅಷ್ಟೆ, ಈ ಕಡೆ ಯಾರೂ ಮುಟ್ಟದ ನೆಲ, ಆ ಕಡೆ ತುಂಬಿದ ಮಣ್ಣು. ಆ ಗೆರೆ ಹೋಯ್ತು ಅಂದ್ರೆ ಗುಂಡಿನೇ ಹೋಯ್ತು. ಜೆಸಿಬಿ ಒಂದು ಸಲ ಬಕೆಟ್ ಹಾಕಿ ಎಳೆದ್ರೆ ಮಡಕೆ ಚೂರು ಎಲ್ಲಾ ಸಿಗುತ್ತೆ, ಗೆರೆ ಸಿಗಲ್ಲ. ಅದಕ್ಕೇ ನಮ್ಮೋರು ಕರಣೆ ಹಿಡ್ಕೊಂಡು ಮಂಡಿ ಊರಿ ಕೂರೋದು, ನೋಡೋರಿಗೆ ಹುಚ್ಚರ ಥರ ಕಾಣುತ್ತೆ.

ಈಗ ಆ ದೊಡ್ಡ ಬಾಣಲೆ ಆಕಾರಕ್ಕೆ ಬರೋಣ. ಫೋಟೋ ನೋಡಿದ್ರೆ ಅದು ಗುಂಡಿ ಅಲ್ಲ, ಉದ್ದಕ್ಕೆ ಹೋಗಿರೋ ಅಗಳು, ನಿಮ್ಮ ಹೊಂಡ ಅದನ್ನ ಅಡ್ಡ ಕಡಿದಿದೆ. ಹೊಂಡದ ಎದುರು ಬದುರು ಎರಡೂ ಗೋಡೇಲಿ ಹೆಚ್ಚು ಕಮ್ಮಿ ಒಂದೇ ಅಳತೆಯಲ್ಲಿ ಅದು ಕಾಣ್ತಿದೆ ನೋಡಿ, ಗುಂಡಿ ಆಗಿದ್ರೆ ಒಂದು ಕಡೆ ಮಾತ್ರ ಕಾಣ್ತಿತ್ತು. ಅಗಳು, ಕಂದಕ, ನಿಮ್ಮ ಕಡೆ ಏನಂತಾರೋ, ಊರ ಸುತ್ತ ತೋಡಿ ಆ ಮಣ್ಣನ್ನ ಒಳಗಡೆ ಏರಿ ಹಾಕೋದು ಹಳೇ ಪದ್ಧತಿ. ಕಂದಕ ಅಂದ ತಕ್ಷಣ ಎಲ್ರಿಗೂ ದೋರಸಮುದ್ರನೇ ನೆನಪಾಗೋದು, ಹಳೇಬೀಡಿನ ಕೋಟೆ ಕಂದಕ, ಬೆಣ್ಣೆಗುಡ್ಡ, 1311ರ ಮಲಿಕ್ ಕಾಫರ್ ದಾಳಿ. ಅದು ರಾಜಧಾನಿ ಕಥೆ. ಸಣ್ಣ ಸಣ್ಣ ಹಳ್ಳಿಗಳಿಗೂ ಅಗಳು ಇತ್ತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಯಾಕಿತ್ತು ಅಂತ ತಿಳ್ಕೊಳ್ಳೋಕೆ ದೂರ ಹೋಗೋದೇ ಬೇಡ, ಗುಡಿ ಮುಂದೆ ನಿಂತಿರೋ ವೀರಗಲ್ಲು ಓದಿ. ತುರುಗೊಳ್ ಅಂತ ಬರುತ್ತೆ, ಊರಳಿವು ಅಂತ ಬರುತ್ತೆ. ದನ ಹೊಡ್ಕೊಂಡು ಹೋಗೋಕೆ ಬಂದೋರ ಜೊತೆ ಕಾದಾಡಿ ಸತ್ತ, ಊರು ಹಾಳು ಮಾಡೋಕೆ ಬಂದಾಗ ಅಡ್ಡ ನಿಂತು ಸತ್ತ, ಇದೇ ಕಥೆ ಕಲ್ಲು ಕಲ್ಲಲ್ಲೂ. ಹಾಗಿದ್ದಾಗ ರಾತ್ರಿ ದನ ಕಟ್ಟೋ ಜಾಗಕ್ಕೆ ಒಂದು ಅಗಳು ಇಲ್ದೆ ನಿದ್ದೆ ಬರುತ್ತಾ? ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಎಲ್ರಿಗೂ ಗೊತ್ತು, 1936ರಲ್ಲಿ ಎಂ.ಎಚ್. ಕೃಷ್ಣ ಅವ್ರು ಬೆಳಕಿಗೆ ತಂದಿದ್ದು, ಆ ಕಲ್ಲು ಮೊದಲು ನಿಂತಿದ್ದೂ ಆ ಊರಿನ ಮಣ್ಣುಕೋಟೆ ಮುಂದೇನೇ. ಶಾಸನ ಓದಿದೋರು ಸಾವಿರ ಜನ, ಆ ಮಣ್ಣುಕೋಟೆ ಬಗ್ಗೆ ಕೇಳಿದೋರು ಎಷ್ಟು ಜನ?

ಹಂಗಂತ ಕಂಡ ಅಗಳೆಲ್ಲ ಹೊಯ್ಸಳರ ಕಾಲದ್ದು ಅನ್ಕೋಬಾರ್ದು. ಇದನ್ನ ನಾನು ನಾಚಿಕೆ ಪಟ್ಕೊಂಡು ಕಲ್ತಿದ್ದು. ಮೂಡಿಗೆರೆ ಕಡೆ ಒಂದು ಗುಡ್ಡದ ಪಕ್ಕ ಒಳ್ಳೆ ಆಳವಾದ ಅಗಳು ಸಿಕ್ತು, ನಾನಾಗ ಹೊಸಬ, ಹತ್ರದಲ್ಲೇ ಹಳೇ ಗುಡಿ ಕಲ್ಲು ಬೇರೆ ಬಿದ್ದಿತ್ತು, ಅಂಗಡಿ ಊರೂ ದೂರ ಇಲ್ಲ, ಹೊಯ್ಸಳರ ಮೂಲದ ಸೊಸೆವೂರು ಅಂತಾರಲ್ಲ ಅದೇ ಅಂಗಡಿ, ಇನ್ನೇನ್ ಬೇಕು. ಮನಸ್ಸಲ್ಲೇ ರಿಪೋರ್ಟ್ ಬರೆದು ಮುಗಿಸ್ಬಿಟ್ಟೆ. ಮೂರನೇ ದಿನ ಮಧ್ಯಾಹ್ನ ತಳದ ಹೂಳಿನಲ್ಲಿ ಕೂಲಿಗೆ ಬರ್ತಿದ್ದ ಅಜ್ಜಿಯೊಬ್ರು ಒಂದು ಚೂರು ಎತ್ತಿ ಬಾಂಡ್ಲಿಗೆ ಹಾಕಿದ್ರು, ನಾನು ಒರೆಸಿ ನೋಡಿದ್ರೆ ಮಂಗಳೂರು ಹೆಂಚು, ಹಿಂದ್ಗಡೆ ಅಚ್ಚಿನ ಗೆರೆ ಸಮೇತ. ಮಂಗಳೂರು ಹೆಂಚಿನ ಕಾರ್ಖಾನೆ ಶುರುವಾಗಿದ್ದೇ 1860ರ ದಶಕದಲ್ಲಿ, ಬಾಸೆಲ್ ಮಿಷನ್‌ನವ್ರಿಂದ. ಅಗಳಿನ ತಳದ ಹೂಳಲ್ಲಿ ಅದು ಇದೆ ಅಂದ್ರೆ ಆ ಹೂಳು ತುಂಬಿದ್ದು ಅದಕ್ಕಿಂತ ಆಮೇಲೇನೇ, ಬೇರೆ ದಾರಿನೇ ಇಲ್ಲ. ನನ್ನ ಮುಖ ನೋಡಿ ಆ ಅಜ್ಜಿ, ‘ಇದು ತೋಟದ ಅಗಳು ಕಣ್ ಸ್ವಾಮಿ, ನಮ್ಮ ಮಾವ ತೋಡಿದ್ದು, ದನ ನುಗ್ಗದೇ ಇರ್ಲಿ ಅಂತ. ನೀವು ಕೇಳಿದ್ರೆ ಮೊದ್ಲೇ ಹೇಳ್ತಿದ್ದೆ’ ಅಂದ್ರು. ಅವತ್ತಿಂದ ಯಾವ ಊರಿಗೆ ಹೋದ್ರೂ ಟೇಪ್ ಹಿಡಿಯೋ ಮುಂಚೆ ಜಗಲಿ ಮೇಲೆ ಕೂತು ಕಾಫಿ ಕುಡೀತೀನಿ. ಮಳೆನೀರು ಇಂಗಲಿ ಅಂತ ಕಾಫಿ ತೋಟದಲ್ಲಿ ತೋಡೋ ತೊಟ್ಟಿಲು ಗುಂಡಿ, ಆನೆ ಬರ್ದಿರ್ಲಿ ಅಂತ ತೆಗೆದ ಆನೆ ಕಂದಕ, ಮನೆ ಗೋಡೆಗೆ ಮಣ್ಣು ತೆಗೆದ ಗುಂಡಿ, ಇವೆಲ್ಲಾ ನಲವತ್ತು ಐವತ್ತು ವರ್ಷಕ್ಕೇ ಹಳೇ ಮುಖ ಹೊತ್ಕೊಂಡು ಕೂತಿರ್ತವೆ.

ಹಾಗಾದ್ರೆ ಕಾಲ ಹೇಗೆ ಗೊತ್ತಾಗುತ್ತೆ? ಅಗಳನ್ನ ಅಡ್ಡಕ್ಕೆ, ಸರಿಯಾಗಿ ನೇರ ಕೋನದಲ್ಲಿ ಕಡೀಬೇಕು, ಓರೆಯಾಗಿ ಕಡಿದ್ರೆ ಇರೋದಕ್ಕಿಂತ ಅಗಲ ಕಾಣುತ್ತೆ. ಕಡಿದ ಗೋಡೆನ ಕರಣೇಲಿ ನುಣ್ಣಗೆ ಕೆರೆದು ಕೆಳಗಿಂದ ಮೇಲಕ್ಕೆ ಓದ್ಬೇಕು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆ ಬ್ರಹ್ಮಗಿರಿಯಲ್ಲಿ ಅಗೆಸಿದಾಗಿಂದ ನಮ್ಮ ಕಡೆ ಈ ಗೋಡೆ ಓದೋ ಅಭ್ಯಾಸ ಗಟ್ಟಿಯಾಯ್ತು, ಇವತ್ತಿಗೂ ನಾವು ಹುಡುಗ್ರಿಗೆ ಮೊದಲು ಕಲಿಸೋದು ಅದನ್ನೇ. ನಿಮ್ಮ ಎರಡನೇ ಫೋಟೋದಲ್ಲಿ ತಳದಲ್ಲಿ ಕೆಂಪು ಮಣ್ಣು ಗರಸು ಕಲೆತಿರೋ ಒಂದು ಪದರ ಇದೆ ನೋಡಿ, ಸುತ್ತಲಿನ ನೆಲದ ಬಣ್ಣನೇ, ಆದ್ರೆ ಸಡಿಲ. ಅದು ಅಗಳು ತೋಡಿದ ಮೇಲೆ ಮೊದಲನೇ ಎರಡನೇ ಮಳೆಗೆ ಅದರ ಪಕ್ಕೆನೇ ಕುಸಿದು ಬಿದ್ದಿದ್ದು. ಹೊಸದಾಗಿ ಬಾವಿ ತೋಡಿದ್ರೆ ಮೊದಲ ಮಳೆಗೆ ಏನಾಗುತ್ತೋ ಅದೇ. ಅದರ ಮೇಲೆ ಬೂದು ಬಣ್ಣದ ನಯವಾದ ಹೂಳು, ತೆಳು ತೆಳು ಗೆರೆ, ದೋಸೆ ಜೋಡಿಸಿಟ್ಟಂಗೆ, ಅದು ನೀರು ನಿಂತು ನಿಂತು ಕೂತಿದ್ದು, ನಿಧಾನಕ್ಕೆ. ಅದರ ಮೇಲೆ ಕಪ್ಪು ಮಣ್ಣು, ಬೂದಿ, ಮಡಕೆ ಚೂರು. ಅಂದ್ರೆ ಅಷ್ಟೊತ್ತಿಗೆ ಅಗಳು ಯಾರಿಗೂ ಬೇಡವಾಗಿತ್ತು, ಊರವ್ರು ಅದನ್ನ ತಿಪ್ಪೆ ಮಾಡ್ಕೊಂಡಿದ್ರು. ದಾಳಿ ಭಯ ಹೋಗಿತ್ತೋ, ಊರೇ ದೊಡ್ಡದಾಗಿ ಅಗಳಿಂದ ಆಚೆಗೆ ಬೆಳೆದಿತ್ತೋ. ಎಲ್ಲಕ್ಕಿಂತ ಮೇಲೆ ನೀವು ಉಳೋ ಮಣ್ಣು, ಅದ್ರಲ್ಲಿ ಯೂರಿಯಾ ಚೀಲದ ಎಳೆ ಕೂಡ ಕಾಣ್ತಿದೆ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ಭಾಳ ಇಷ್ಟವಾದದ್ದು. ಆ ಪದರಗಳು ಎರಡೂ ಕಡೆಯಿಂದ ಸಮವಾಗಿ ಇಳಿದಿಲ್ಲ. ಪೂರ್ವದ ಕಡೆಯಿಂದ ದಪ್ಪಗೆ, ಪಶ್ಚಿಮದಿಂದ ತೆಳ್ಳಗೆ ಬಂದಿವೆ. ಅಂದ್ರೆ ಪೂರ್ವದ ದಂಡೆ ಮೇಲೆ ಜಾರೋಕೆ ಮಣ್ಣು ಜಾಸ್ತಿ ಇತ್ತು, ಅಂದ್ರೆ ಏರಿ ಆ ಕಡೆ ಇತ್ತು, ಅಂದ್ರೆ ಊರೂ ಆ ಕಡೆ ಇತ್ತು. ಈಗ ಅಲ್ಲಿ ಏರಿನೂ ಇಲ್ಲ ಊರೂ ಇಲ್ಲ, ಉತ್ತು ಉತ್ತು ಮಟ್ಟ ಆಗಿದೆ, ಆದ್ರೆ ಅದರ ಲೆಕ್ಕ ಅಗಳಿನ ಹೊಟ್ಟೇಲಿ ಉಳ್ಕೊಂಡಿದೆ. ನಿಮ್ಮ ಅಜ್ಜಿ ಪೂರ್ವಕ್ಕಿರೋ ಪಕ್ಕದ ಹೊಲನ ‘ಹಾಳೂರ ಹೊಲ’ ಅಂತಾರೆ ಅಂತ ಕೊನೇಲಿ ಒಂದು ಸಾಲು ಬರೆದಿದ್ರಲ್ಲ, ಅದನ್ನ ಓದಿ ನಾನು ಕುರ್ಚಿಯಿಂದ ಎದ್ದೆ. ಅಜ್ಜಿ ಮಾತೂ ಮಣ್ಣಿನ ಮಾತೂ ಒಂದೇ ಕಡೆ ಬೊಟ್ಟು ಮಾಡ್ತಿವೆ. ರೆವಿನ್ಯೂ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತ ಬರುತ್ತಲ್ಲ, ಜನ ಇಲ್ಲದ ಊರು, ಹೆಸರು ಮಾತ್ರ ಉಳಿದದ್ದು, ನಿಮ್ಮ ಪಕ್ಕದ ಹೊಲ ಅಂಥದ್ದರಲ್ಲಿ ಬರುತ್ತಾ ಅಂತ ತಾಲ್ಲೂಕು ಕಚೇರೀಲಿ ಗ್ರಾಮ ನಕ್ಷೆ ತೆಗೆಸಿ ನೋಡಿ. ನಕ್ಷೇಲಿ ಎಲ್ಲಾ ಹೊಲದ ಬದು ನೆಟ್ಟಗಿದ್ದು ಒಂದು ಕಡೆ ಮಾತ್ರ ಬದು ಬಿಲ್ಲಿನ ಹಾಗೆ ಬಾಗಿದ್ರೆ, ಅಥವಾ ಉದ್ದಕ್ಕೆ ಒಂದು ಪಟ್ಟಿ ಖರಾಬು ಅಂತ ಬಿಟ್ಟಿದ್ರೆ, ಅದು ಅಗಳಿನ ದಾರಿ ಇರೋ ಸಾಧ್ಯತೆ ಜಾಸ್ತಿ.

ಮೊಬೈಲಲ್ಲಿ ಗೂಗಲ್ ಅರ್ಥ್ ಹಾಕ್ಕೊಂಡು ಹಿಂದಿನ ವರ್ಷಗಳ ಚಿತ್ರನೂ ನೋಡಿ, ಮಳೆ ಕೈಕೊಟ್ಟ ವರ್ಷದ್ದು ಸಿಕ್ಕಿದ್ರೆ ಒಳ್ಳೇದು. ಅಗಳಿನ ಮೇಲೆ ಮಣ್ಣು ಆಳ ಇರುತ್ತೆ, ತೇವ ಹಿಡ್ಕೊಳ್ಳುತ್ತೆ, ಅಲ್ಲಿ ರಾಗಿ ಇನ್ನೂ ಹಸಿರಾಗಿದ್ದಾಗ ಪಕ್ಕದಲ್ಲಿ ಒಣಗಿರುತ್ತೆ. ಮೇಲಿಂದ ನೋಡಿದ್ರೆ ಹಸಿರು ಗೆರೆ ಎಳೆದಂಗೆ ಕಾಣುತ್ತೆ. ಗೊಬ್ಬರ ಹಾಕದೇ ಆ ಸಾಲಲ್ಲಿ ಮಾತ್ರ ಪೈರು ಚೆನ್ನಾಗಿ ಬರುತ್ತೆ ಅಂತ ನಿಮ್ಮ ತಂದೆ ಯಾವತ್ತಾದ್ರೂ ಹೇಳಿದ್ರಾ, ಕೇಳಿ ನೋಡಿ.

ಇನ್ನು ದುಂಡು ಕಲೆಗಳು. ನೀವು ಬೇಜಾರಲ್ಲಿ ‘ಬರೀ ಗುಂಡಿ’ ಅಂದ್ರಿ. ಆ ಮೂರನೇ ಫೋಟೋದಲ್ಲಿ ಅರ್ಧ ಕಡಿದ ಗುಂಡಿ ಇದ್ಯಲ್ಲ, ಅದರ ಬಾಯಿ ನೋಡಿ, ಪಕ್ಕದಲ್ಲಿಟ್ಟ ಅಳತೆ ಕೋಲಿನ ಪ್ರಕಾರ ಮುಕ್ಕಾಲು ಮೀಟರ್ ಕೂಡ ಇಲ್ಲ. ಕೆಳಗೆ ಹೋಗ್ತಾ ಹೋಗ್ತಾ ಎರಡೂ ಕಡೆ ಉಬ್ಬಿ ಗುಡಾಣದ ಹೊಟ್ಟೆ ಹಾಗೆ ಆಗಿದೆ. ತಿಪ್ಪೆ ಗುಂಡಿನ ಯಾರೂ ಹೀಗೆ ಕಷ್ಟಪಟ್ಟು ತೋಡಲ್ಲ. ಇದು ಹಗೇವು. ನಿಮ್ಮ ವಯಸ್ಸಿನೋರು ನೋಡಿರಲ್ಲ, ಅಜ್ಜಿನ ಕೇಳಿ. ಒಬ್ಬ ಮನುಷ್ಯ ಇಳಿಯೋವಷ್ಟು ಬಾಯಿ, ಒಳಗೆ ಅಗಲ, ಸುತ್ತ ಹುಲ್ಲು ಹೊದಿಸಿ ರಾಗಿ ತುಂಬಿ ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಮೆತ್ತಿಬಿಡೋದು. ಒಳಗೆ ಗಾಳಿ ಆಡಲ್ಲ, ಕಾಳು ಉಸಿರಾಡಿ ಇರೋ ಆಮ್ಲಜನಕ ಮುಗಿಸುತ್ತೆ, ಇಂಗಾಲದ ಡೈಆಕ್ಸೈಡ್ ತುಂಬ್ಕೊಳ್ಳುತ್ತೆ, ಹುಳ ಬದುಕಲ್ಲ, ರಾಗಿ ವರ್ಷಗಟ್ಟಲೆ ಕೆಡಲ್ಲ. ಅದೇ ಕಾರಣಕ್ಕೆ ಹಗೇವು ತೆಗೆದ ತಕ್ಷಣ ಇಳಿದೋರು ಉಸಿರು ಕಟ್ಟಿ ಸತ್ತಿದ್ದೂ ಉಂಟು, ಅದಕ್ಕೇ ಚಪ್ಪಡಿ ಸರಿಸಿ ಸುಮಾರು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದೇ ಉರಿದ್ರೆ ಮಾತ್ರ ಇಳೀತಿದ್ರು. ಬರಗಾಲಕ್ಕೆ ಅಂತ ಹೂತಿಟ್ಟ ಅನ್ನ ಅದು. ದಂಡು ಬಂದು ಊರು ಸುಟ್ರೂ ನೆಲದೊಳಗಿನ ರಾಗಿ ಉಳೀತಿತ್ತು, ಮೇಲೆ ದನದ ಕೊಟ್ಟಿಗೆ ಕಟ್ಕೊಂಡ್ರೆ ಕಳ್ಳನಿಗೂ ಗೊತ್ತಾಗ್ತಿರ್ಲಿಲ್ಲ.

ಆದ್ರೆ ಒಳಗೆ ಸಿಕ್ಕ ಮಣ್ಣು ರಾಗಿ ತುಂಬಿದ ಕಾಲದ್ದಲ್ಲ, ಇಲ್ಲೇ ಬಹಳ ಜನ ಎಡವೋದು. ಹಗೇವಿಗೆ ನೀರು ಇಳಿಯೋಕೆ ಶುರುವಾದ್ರೆ, ಹೆಗ್ಗಣ ತೂತು ಕೊರೆದ್ರೆ, ಅದು ಕೆಲಸಕ್ಕೆ ಬರಲ್ಲ, ಆಗ ಕಸ ತುಂಬಿ ಮುಚ್ಚೋರು. ತೋಡಿದ ಕಾಲ ಒಂದು, ಬಳಸಿದ ಕಾಲ ಒಂದು, ತುಂಬಿದ ಕಾಲ ಇನ್ನೊಂದು. ನಮಗೆ ಸಿಗೋ ಬೋಕಿ ಚೂರು, ಬಳೆ ಚೂರು, ಬೂದಿ ಎಲ್ಲಾ ಕೊನೇದಕ್ಕೆ ಸಾಕ್ಷಿ. ಅದರಲ್ಲೂ ಎಲ್ಲಕ್ಕಿಂತ ಹೊಸ ಚೂರು ಯಾವುದೋ ಅದರ ಮಾತು ಕೇಳ್ಬೇಕು, ಹಳೇದರ ಮಾತಲ್ಲ. ಮನೆ ಕಸದಲ್ಲಿ ಅಜ್ಜಿ ಕಾಲದ ಲೋಟನೂ ಇರಬಹುದು ಮೊನ್ನೆ ಒಡೆದ ಲೋಟನೂ ಇರಬಹುದು, ಕಸ ಎಸೆದಿದ್ದು ಮೊನ್ನೆ ಒಡೆದ ಮೇಲೇನೇ ಅಲ್ವಾ. ಮಣ್ಣಿನ ಚಿಲುಮೆ ಚೂರು ಸಿಕ್ತು ಅಂದ್ರೆ ಹೊಯ್ಸಳರ ಆಸೆ ಬಿಟ್ಬಿಡಿ, ಹೊಗೆಸೊಪ್ಪು ಈ ನೆಲಕ್ಕೆ ಬಂದಿದ್ದೇ ಪೋರ್ಚುಗೀಸರು ಬಂದ ಮೇಲೆ. ಆದ್ರೆ ಇಲಿಬಿಲ, ಗೆದ್ದಲು, ಮರದ ಬೇರು, ಇವು ಮೇಲಿಂದು ಕೆಳಗೆ ಇಳಿಸ್ತಾವೆ, ಅದಕ್ಕೇ ಗೋಡೇಲಿ ಬಿಲದ ಗುರುತು ಇದ್ಯಾ ಅಂತ ಮೊದಲು ಹುಡುಕೋದು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಅರ್ಧನೇ ಯಾಕೆ. ಪೂರ್ತಿ ಗುಂಡಿ ಬಾಯಿಂದ ತಳದವರೆಗೆ ಬಗೆದು ತೆಗೆದ್ರೆ ಕೈಗೆ ಬರೋದು ಖಾಲಿ ಗುಂಡಿ, ಒಳಗೆ ಪದರ ಹೇಗಿತ್ತು ಅಂತ ಹೇಳೋಕೆ ಯಾರೂ ಉಳಿಯಲ್ಲ. ಅದಕ್ಕೆ ನಡುಮಧ್ಯ ದಾರ ಕಟ್ಟಿ ಅರ್ಧ ಮಾತ್ರ ತೆಗೀತಾರೆ, ಉಳಿದ ಅರ್ಧ ಕತ್ತರಿಸಿದ ಹಲಸಿನ ಹಣ್ಣಿನ ಹಾಗೆ ಒಳಗಿಂದೆಲ್ಲಾ ತೋರಿಸ್ಕೊಂಡು ನಿಲ್ಲುತ್ತೆ. ಅದನ್ನ ಅಳತೆ ಪ್ರಕಾರ ಬರ್ಕೊಂಡು, ಬಣ್ಣ ಚಾರ್ಟ್ ಹಿಡಿದು ನೋಡಿ, ಒಂದೊಂದು ಪದರದಿಂದ ಬೇರೆ ಬೇರೆ ಚೀಲಕ್ಕೆ ಮಣ್ಣು ತುಂಬ್ಕೊಳ್ಳೋದು. ಪೂರ್ತಿ ಉತ್ಖನನ ಆದ್ರೆ ಇನ್ನರ್ಧನೂ ಆಮೇಲೆ ತೆಗೀತಾರೆ. ಇದು ಟ್ರಯಲ್ ಟ್ರೆಂಚ್, ಬರೀ ಪರೀಕ್ಷೆ. ಇಲ್ಲಿ ಏನಾದ್ರೂ ಉಳಿದಿದ್ಯಾ, ಎಷ್ಟು ಆಳದಲ್ಲಿದೆ, ಎಷ್ಟು ಕೆಟ್ಟಿದೆ, ಯಾವ ಕಾಲದ್ದು, ಈ ನಾಲ್ಕಕ್ಕೆ ಉತ್ತರ ಸಿಕ್ಕಿದ್ರೆ ಕೆಲಸ ಮುಗೀತು. ಅನ್ನ ಬೆಂದಿದ್ಯಾ ನೋಡೋಕೆ ಒಂದು ಅಗುಳು ಹಿಸುಕಿದ್ರೆ ಸಾಕು. ಉಳಿದರ್ಧ ಬಿಟ್ಟಿದ್ದು ಮುಂದೆ ಬರೋರಿಗೆ. ನಾನು ಕಲಿಯೋ ಕಾಲದಲ್ಲಿ ಬೂದಿ ಮಣ್ಣು ಅಂದ್ರೆ ಎತ್ತಿ ಆಚೆ ಸುರಿಯೋ ಮಣ್ಣು, ಮಡಕೆ ಮಾತ್ರ ಆರಿಸ್ಕೊಳ್ತಿದ್ವಿ. ಇವತ್ತು ನೋಡಿದ್ರೆ ಆ ಸುರಿದಿದ್ದೇ ಬೇಕಾಗಿತ್ತು. ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಆ ಮಣ್ಣನ್ನ ಏನ್ ಮಾಡ್ತಾರೆ ಅಂದ್ರೆ, ಡ್ರಮ್ಮಿಗೆ ನೀರು ತುಂಬಿ ಮಣ್ಣು ಹಾಕಿ ಕೈಯಾಡಿಸ್ತಾರೆ. ಮಣ್ಣು ಕೂರುತ್ತೆ, ಸುಟ್ಟು ಇದ್ದಿಲಾಗಿರೋ ಕಾಳು ತೇಲುತ್ತೆ. ಅದನ್ನ ಸಣ್ಣ ಕಣ್ಣಿನ ಜರಡೀಲಿ ಹಿಡಿದು ನೆರಳಲ್ಲಿ ಒಣಗಿಸಿ ಸೂಕ್ಷ್ಮದರ್ಶಕದ ಕೆಳಗೆ ಇಡ್ತಾರೆ. ಸುಟ್ಟ ರಾಗಿ ಕಾಳು ನೋಡ್ಬೇಕು ನೀವು, ಇಷ್ಟು ವರ್ಷ ಆದ್ರೂ ಮೈ ಮೇಲಿನ ಸಣ್ಣ ಸಣ್ಣ ಬೊಕ್ಕೆ ಹಾಗೇ ಇರುತ್ತೆ, ಬಣ್ಣ ಮಾತ್ರ ಕಪ್ಪು. ಸುಡದೇ ಇದ್ದ ಕಾಳು ನಮ್ಮ ನೆಲದಲ್ಲಿ ಯಾವತ್ತೋ ಕೊಳೆತು ಹೋಗಿರುತ್ತೆ, ಒಲೆಗೆ ಬಿದ್ದು ಸುಟ್ಟಿದ್ದೇ ಉಳಿಯೋದು. ಯಾರದೋ ಮನೇಲಿ ಅಡುಗೆ ಮಾಡುವಾಗ ಕೈತಪ್ಪಿ ಚೆಲ್ಲಿದ್ದು. ಆ ಕಾಳನ್ನೇ ಎಷ್ಟು ಹಳೇದು ಅಂತ ಹೇಳೋ ರೇಡಿಯೋ ಕಾರ್ಬನ್ ಪರೀಕ್ಷೆಗೆ ಕಳಿಸ್ತಾರೆ, ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆ, ದೆಹಲಿಯ ಐಯುಎಸಿ (ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್), ಇಂಥ ಕಡೆ ಮಾಡ್ತಾರೆ. ಮರದ ಇದ್ದಿಲಿಗಿಂತ ಕಾಳೇ ವಾಸಿ, ಕಾಳು ಒಂದೇ ವರ್ಷದ ಬೆಳೆ, ಮರ ಆದ್ರೆ ನೂರು ವರ್ಷದ ತೊಲೆನೂ ಆಗಿರಬಹುದು, ತೋರಿಸೋ ಕಾಲ ಹಿಂದಕ್ಕೆ ಎಳೆಯುತ್ತೆ. ಆದ್ರೂ ಇದು ಒಂದೇ ಇಸವಿ ಕೊಡಲ್ಲ, ಇಂಥ ವರ್ಷದಿಂದ ಇಂಥ ವರ್ಷದೊಳಗೆ ಅಂತ ಕೊಡುತ್ತೆ. ‘ವಿಷ್ಣುವರ್ಧನನ ಕಾಲದ ರಾಗಿ’ ಅಂತ ಯಾರಾದ್ರೂ ನಿಮ್ಮ ಹೊಲದ ಬಗ್ಗೆ ಸ್ಟೇಟಸ್ ಹಾಕಿದ್ರೆ ನಂಬೋಕೆ ಹೋಗ್ಬೇಡಿ.

ಮೂಳೆ ಸಿಕ್ತಾ ಅಂತ ಕೇಳಿದ್ರಿ. ನಿಮ್ಮ ಕಡೆ ಮಳೆ ಕಮ್ಮಿ, ಅರಸೀಕೆರೆ ಕಡೂರು ಸೀಮೆ ಮಣ್ಣಲ್ಲಿ ಮೂಳೆ ಉಳಿಯೋದುಂಟು. ಸಕಲೇಶಪುರ ಮೂಡಿಗೆರೆ ಕಡೆ ಮಳೆಗೆ ಮಣ್ಣು ಹುಳಿಯಾಗಿ ಮೂಳೆನೆಲ್ಲಾ ತಿಂದು ಹಾಕುತ್ತೆ, ಹೆಚ್ಚೆಂದ್ರೆ ದನದ ಹಲ್ಲು ಸಿಗುತ್ತೆ, ಅದರ ಎನಾಮಲ್ ಗಟ್ಟಿ. ಮಲೆನಾಡಲ್ಲಿ ಮೂಳೆ ಸಿಗ್ಲಿಲ್ಲ ಅಂದ್ರೆ ಅವ್ರು ಮಾಂಸ ತಿಂತಿರ್ಲಿಲ್ಲ ಅಂತ ಅರ್ಥ ಅಲ್ಲ, ಇದನ್ನ ದೊಡ್ಡ ದೊಡ್ಡೋರೂ ಮರೀತಾರೆ.

20 ಮೀಟರ್ ಉದ್ದದ ಟ್ರೆಂಚಲ್ಲಿ ಎಲ್ಲಾ ಗೊತ್ತಾಗುತ್ತಾ? ಇಲ್ಲ, ಅದನ್ನೂ ಮುಚ್ಚಿಡಲ್ಲ. ಎರಡು ಎಕರೆ ಅಂದ್ರೆ ಹತ್ರ ಹತ್ರ 8,100 ಚದರ ಮೀಟರ್, ಅವ್ರು ತೆರೆದಿದ್ದು 40, ಅಂದ್ರೆ ನೂರಕ್ಕೆ ಒಂದು ಭಾಗನೂ ಇಲ್ಲ, ಬರೀ ಅರ್ಧ ಭಾಗ. ಇಂಗ್ಲೆಂಡಿನಲ್ಲಿ 1990ರಿಂದ ಮನೆ, ರಸ್ತೆ ಕಟ್ಟೋ ಮುಂಚೆನೇ ಇಂಥ ಪರೀಕ್ಷೆ ಮಾಡ್ಸೋ ವಾಡಿಕೆ ಇದೆ, ಅಲ್ಲಿ ಸಾಮಾನ್ಯವಾಗಿ ಜಾಗದ ನೂರಕ್ಕೆ ಎರಡರಿಂದ ಐದು ಭಾಗ ತೆರೀತಾರೆ, ಹಲ್ಲಿಲ್ಲದ ಚಪ್ಪಟೆ ಬಕೆಟ್ ಹಾಕಿದ ಮಿಷನ್‌ನಲ್ಲಿ ಮೇಲ್ಮಣ್ಣು ಮಾತ್ರ ಕೆರೆದು, ಆಮೇಲೆ ಕೈಕೆಲಸ. ನಮ್ಮಲ್ಲಿ ಲೇಔಟ್ ಮಾಡೋರಿಗೆ ಇಂಥ ನಿಯಮದ ಕಾಟ ಇಲ್ಲ, ನಮ್ಮ ಪಾಲಿಗೆ ಜೆಸಿಬಿನೇ ಪುರಾತತ್ವಜ್ಞ. ಟ್ರೆಂಚ್ ಅನ್ನೋದು ಉದ್ದುದ್ದ ಇರೋದನ್ನ ಚೆನ್ನಾಗಿ ಹಿಡಿಯುತ್ತೆ, ಅಗಳು ಎಲ್ಲಾದ್ರೂ ಒಂದು ಕಡೆ ಅಡ್ಡ ಸಿಗೋ ಸಾಧ್ಯತೆ ಜಾಸ್ತಿ. ಹಗೇವು, ಕಂಬದ ಗುಳಿ ಇಂಥ ಸಣ್ಣವು ಎರಡು ಟ್ರೆಂಚ್ ನಡುವೆ ಆರಾಮಾಗಿ ತಪ್ಪಿಸ್ಕೊಳ್ತವೆ. ಅದಕ್ಕೆ ಟ್ರೆಂಚಲ್ಲಿ ಏನೂ ಸಿಗ್ಲಿಲ್ಲ ಅಂದ್ರೆ ಅಲ್ಲಿ ಏನೂ ಇಲ್ಲ ಅಂತ ಬರ್ಕೊಡೋ ರಿಪೋರ್ಟ್ ನೋಡಿದ್ರೆ ನನಗೆ ಅನುಮಾನ.

ಬೆಳಗ್ಗೆ ಬೆಳಗ್ಗೆನೇ ನೀರು ಚಿಮುಕಿಸ್ತಾ ಕೂತಿದ್ರು ಅಂತ ನಗಾಡಿದೀರಿ. ಒಣಗಿದ ನೆಲದಲ್ಲಿ ಕೆಂಪೂ ಕಪ್ಪೂ ಎಲ್ಲಾ ಒಂದೇ ಬೂದು. ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ರೆ ಗಟ್ಟಿ ನೆಲ ಬೇಗ ಆರುತ್ತೆ, ತುಂಬಿದ ಮಣ್ಣು ತೇವ ಹಿಡ್ಕೊಂಡು ಕಪ್ಪಗೇ ಇರುತ್ತೆ, ಆ ಐದು ಹತ್ತು ನಿಮಿಷ ಗುಂಡಿ ಅಂಚು ಸೀಮೆಸುಣ್ಣದಲ್ಲಿ ಬರೆದಂಗೆ ಕಾಣುತ್ತೆ. ಅಷ್ಟರಲ್ಲಿ ಕರಣೆ ತುದೀಲಿ ಗೆರೆ ಎಳ್ಕೊಂಡ್ರೆ ಸರಿ, ಬಿಸಿಲು ಏರಿದ್ರೆ ಮಾಯ. ಕೈಗೂ ಗೊತ್ತಾಗುತ್ತೆ, ಗರಸು ನೆಲದ ಮೇಲೆ ಕರಣೆ ಕರಕರ ಅನ್ನುತ್ತೆ, ಗುಂಡಿ ಮಣ್ಣಿಗೆ ಬಂದ ತಕ್ಷಣ ಸದ್ದೇ ಇರಲ್ಲ. ನಮ್ಮ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಕೂಲಿಯವ್ರು ಕೆಲವ್ರು ಕಣ್ಣು ಮುಚ್ಕೊಂಡು ಬರೀ ಸದ್ದಲ್ಲೇ ಅಂಚು ಹೇಳೋರು.

ಉಳಿದ ಅರ್ಧ ನೀವೇ ಅಗೀಬಹುದಾ? ಬೇಡ. ಕಾನೂನು ಮೊದಲು ಹೇಳ್ತೀನಿ, 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಪುರಾತತ್ವದ ಉದ್ದೇಶಕ್ಕೆ ಅಗೆಯೋದಾದ್ರೆ ರಾಜ್ಯ ಸರ್ಕಾರನೂ ಕೇಂದ್ರದ ಒಪ್ಪಿಗೆ ಇಲ್ದೆ ಅಗೆಯೋ ಹಾಗಿಲ್ಲ, ನಿಮ್ಮ ಸ್ವಂತ ಹೊಲ ಆದ್ರೂ ಅಷ್ಟೆ. ನಿಧಿ ಥರದ್ದು ಸಿಕ್ಕಿದ್ರೆ ಜಿಲ್ಲಾಡಳಿತಕ್ಕೆ ತಿಳಿಸ್ಬೇಕು ಅನ್ನೋದು 1878ರ ಕಾಯ್ದೆ ಕಾಲದಿಂದಲೂ ಇದೆ. ಆದ್ರೆ ನನಗೆ ಕಾನೂನಿಗಿಂತ ಹೆದರಿಕೆ ಆಗೋದು ನಿಧಿಗಳ್ಳರದ್ದು. ನಮ್ಮ ಎರಡೂ ಜಿಲ್ಲೇಲಿ ನಂದಿ ಹಿಂದೆ, ವೀರಗಲ್ಲು ಬುಡದಲ್ಲಿ ಅಗೆದು ಹಾಕಿರೋ ಗುಂಡಿ ಲೆಕ್ಕ ಇಲ್ಲ. ಇಂಥ ಹೊಲದಲ್ಲಿ ಚಿನ್ನ ಸಿಕ್ತಂತೆ ಅಂತ ಒಂದು ಮಾತು ಹಬ್ಬಿದ್ರೆ ಸಾಕು, ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು ಕುಂಕುಮ ಹಿಡ್ಕೊಂಡು ಬರ್ತಾರೆ. ಅದಕ್ಕೆ ಊರವ್ರಿಗೆ ನೀವೇ ಹೇಳಿ, ಸಿಕ್ಕಿದ್ದು ಸುಟ್ಟ ರಾಗಿ, ಬೂದಿ, ಒಡೆದ ಮಡಕೆ ಅಂತ. ನಗಲಿ ಬಿಡಿ, ನಕ್ಕಷ್ಟೂ ನಿಮ್ಮ ಹೊಲ ಕ್ಷೇಮ.

ನೀವು ಮಾಡಬಹುದಾದ ಕೆಲಸನೂ ಇದೆ. ಹೊಂಡಕ್ಕೆ ಇನ್ನೂ ಪ್ಲಾಸ್ಟಿಕ್ ಹೊದಿಸಿಲ್ಲ ಅಂದ್ರಲ್ಲ, ಹೊದಿಸೋ ಮುಂಚೆ ನಾಲ್ಕೂ ಗೋಡೆ ಫೋಟೋ ತೆಗೀರಿ, ಪಕ್ಕದಲ್ಲಿ ಅಳತೆ ಟೇಪ್ ಇಳಿಬಿಟ್ಟು, ಯಾವ ದಿಕ್ಕಿನ ಗೋಡೆ ಅಂತ ಚೀಟಿ ಬರೆದು ಅಂಟಿಸಿ. ಬೆಳಗ್ಗೆ ಅಥವಾ ಸಂಜೆ ಬೆಳಕಲ್ಲಿ ತೆಗೀರಿ, ಮಧ್ಯಾಹ್ನ ಬೇಡ. ಮೂರು ಮೀಟರ್ ಆಳದ ಹೊಂಡ ಅಂದ್ರೆ ನಮಗೆ ಪುಕ್ಸಟ್ಟೆ ಸಿಕ್ಕ ಟ್ರೆಂಚ್ ಇದ್ದಂಗೆ. ಗೋಡೇಲಿ ಕಚ್ಕೊಂಡಿರೋ ಮಡಕೆ ಚೂರು ಕೀಳ್ಬೇಡಿ, ಅದು ಎಲ್ಲಿ ಕೂತಿದೆ ಅನ್ನೋದರಲ್ಲೇ ಅದರ ಬೆಲೆ ಇರೋದು, ಮಳೆ ಬಂದು ಗೋಡೆ ಮೆತ್ತಗಾಗಿದ್ರೆ ಕೆಳಗಿಳಿಯೋದೂ ಬೇಡ. ಜೆಸಿಬಿ ಎತ್ತಿ ಹಾಕಿದ ಗುಡ್ಡೆಯಿಂದ ಆರಿಸಿಟ್ಟ ಚೂರು ಇದ್ಯಲ್ಲ, ಅದನ್ನ ತೊಳೆದು ಒಣಗಿಸಿ ಚೀಲಕ್ಕೆ ಹಾಕಿ ಮೇಲೆ ಸರ್ವೆ ನಂಬರ್, ತಾರೀಖು, ‘ಹೊಂಡದ ಗುಡ್ಡೆ ಮಣ್ಣಿಂದ’ ಅಂತ ಬರೆದಿಡಿ. ಬಂದ ತಂಡದವ್ರ ಹತ್ರ ರಿಪೋರ್ಟ್ ಯಾವಾಗ ಬರುತ್ತೆ ಅಂತ ಕೇಳಿ, ಹೊಲದ ಯಜಮಾನರು ನೀವು, ಒಂದು ಪ್ರತಿ ಕೇಳೋದರಲ್ಲಿ ತಪ್ಪೇನಿಲ್ಲ. ನಮ್ಮೋರಲ್ಲಿ ಅಗೆಯೋಕೆ ಇರೋ ಉತ್ಸಾಹ ಬರೆಯೋಕೆ ಇರಲ್ಲ, ಕೇಳೋರಿದ್ರೆ ಬೇಗ ಬರೀತಾರೆ.

ಕೊನೇದಾಗಿ ಒಂದು, ಇದು ಪುರಾತತ್ವ ಅಲ್ಲ, ನಿಮ್ಮ ಜೀವದ ವಿಷ್ಯ. ಮೂರು ಹಗೇವು ಒಂದೇ ಕಡೆ ಸಿಕ್ಕಿದ್ರೆ ನಾಲ್ಕನೇದೂ ಇರಬಹುದು, ಅದು ಮಣ್ಣು ತುಂಬದೇ ಚಪ್ಪಡಿ ಮುಚ್ಚಿ ಹಾಗೇ ಟೊಳ್ಳಾಗಿ ಉಳಿದಿದ್ರೆ ಟ್ರಾಕ್ಟರ್ ಚಕ್ರ ಒಳಗಿಳಿಯುತ್ತೆ. ಉಳುವಾಗ ಎಲ್ಲಾದ್ರೂ ನೆಲ ಡಬಡಬ ಅಂದ್ರೆ ಅಲ್ಲಿಗೇ ನಿಲ್ಸಿ, ಸುತ್ತ ನಾಲ್ಕು ಗೂಟ ಹೊಡೆದು ಆ ತಂಡಕ್ಕೆ ಫೋನ್ ಮಾಡಿ. ಚಪ್ಪಡಿ ಎತ್ತಿ ಒಳಗೆ ಬಗ್ಗಿ ನೋಡೋಕೆ ಮಾತ್ರ ಹೋಗ್ಬೇಡಿ, ಹುಡುಗ್ರನ್ನೂ ಬಿಡಬೇಡಿ.